ಅಂದಾಜು ಹನ್ನೆರಡು ಸಾವಿರ, ಬಿಲ್ಲು ಮೂವತ್ತೆರಡು ಸಾವಿರ ಪೌಂಡ್: ಇಂಗ್ಲೆಂಡಿನ ವಿಚ್ಛೇದನದಲ್ಲಿ ಸಾಲಿಸಿಟರ್ ಫೀಸನ್ನು ಪ್ರಶ್ನಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದವಳು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. ಕಳೆದ ವರ್ಷ ವಿಚ್ಛೇದನಕ್ಕೆ ಅರ್ಜಿ ಹಾಕಿದೆ. ಮನೆ, ಪೆನ್ಷನ್, ಊರಿನ ಸೈಟು ಇವುಗಳ ಹಂಚಿಕೆಯ ಕೇಸು ಇನ್ನೂ ನಡೆಯುತ್ತಿದೆ. ಎಫ್‌ಡಿಆರ್ ವಿಚಾರಣೆ (ಹಣಕಾಸಿನ ವಿಷಯದಲ್ಲಿ ರಾಜಿಗೆ ತರಲು ನ್ಯಾಯಾಧೀಶರು ನಡೆಸುವ ವಿಚಾರಣೆ) ಮುಗಿಯುವ ತನಕ 9,000ದಿಂದ 12,000 ಪೌಂಡ್ ಆಗುತ್ತದೆ, ಮೇಲೆ ವ್ಯಾಟ್ ಎಂದು ನನ್ನ ಸಾಲಿಸಿಟರ್ (ಕೇಸು ನಡೆಸುವ ವಕೀಲರು) ಮೊದಲ ಪತ್ರದಲ್ಲಿ ಬರೆದಿದ್ದರು. ಹತ್ತು ತಿಂಗಳಲ್ಲಿ ಆರು ಬಿಲ್ ಬಂದವು. ವ್ಯಾಟ್ ಸೇರಿ ಒಟ್ಟು 25,200 ಪೌಂಡ್, ಎಲ್ಲ ಕಟ್ಟಿದ್ದೇನೆ. ಈಗ ಏಳನೆಯದು 6,650 ಪೌಂಡ್, ಬಂದು ಹನ್ನೆರಡು ದಿನವಾಯಿತು. ಎಫ್‌ಡಿಆರ್‌ಗೆ ಇನ್ನೂ ಏಳು ವಾರ ಇದೆ. ಗಂಟೆಗೆ 265 ಪೌಂಡ್ ಇದ್ದ ದರ 310 ಆಗಿರುವುದು ಬಿಲ್ ನೋಡಿದ ಮೇಲೆ ಗೊತ್ತಾಯಿತು. ಕೇಳಿದ್ದಕ್ಕೆ, ಹಣ ಬರದಿದ್ದರೆ ಕೆಲಸ ನಿಲ್ಲಿಸುತ್ತೇವೆ ಎಂದು ಈಮೇಲ್ ಬಂತು. ಊರಿನಲ್ಲಿ ವಕೀಲನಾಗಿರುವ ಅಣ್ಣ "ಫೈಲ್ ಇಸ್ಕೊಂಡು ಬೇರೆಯವರ ಹತ್ರ ಹೋಗು, ಕೊಡಲ್ಲ ಅನ್ನೋ ಹಾಗಿಲ್ಲ" ಅನ್ನುತ್ತಾನೆ. ಬಿಲ್ಲನ್ನು ಪ್ರಶ್ನಿಸಬಹುದೇ? ಪ್ರಶ್ನಿಸಿದರೆ ನನ್ನ ಕೇಸು ಕೆಡುತ್ತದೆಯೇ?

ಉತ್ತರ: ಮೊದಲು ಏಳನೇ ಬಿಲ್ಲು ನಿಮ್ಮ ಕೈ ಸೇರಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ ಒಂದು ತಿಂಗಳು ಎಣಿಸಿ. ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಹಕ್ಕು ಆ ಒಂದು ತಿಂಗಳೊಳಗಿದೆ, ಅದರಲ್ಲಿ ಹನ್ನೆರಡು ದಿನ ಆಗಲೇ ಹೋಗಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1974ರ ಸಾಲಿಸಿಟರ್ಸ್ ಆಕ್ಟ್ ಇದೆ. ಬಿಲ್ಲು ತಲುಪಿದ ಒಂದು ತಿಂಗಳೊಳಗೆ ಕಕ್ಷಿದಾರರು ಅರ್ಜಿ ಹಾಕಿದರೆ, ಕೋರ್ಟು ಆ ಬಿಲ್ಲನ್ನು ಸಾಲು ಸಾಲಾಗಿ ಪರಿಶೀಲಿಸಲು ಆದೇಶ ಮಾಡಲೇಬೇಕು ಎನ್ನುತ್ತದೆ ಅದರ 70ನೇ ಕಲಂ. ಮೊದಲು ದುಡ್ಡು ಠೇವಣಿ ಇಡಿ ಎಂದು ಕೋರ್ಟು ಕೇಳುವಂತಿಲ್ಲ. ಪರಿಶೀಲನೆ ಮುಗಿಯುವ ತನಕ ಸಾಲಿಸಿಟರ್ ಆ ಬಿಲ್ಲಿನ ಮೇಲೆ ನಿಮ್ಮ ವಿರುದ್ಧ ದಾವೆ ಹೂಡುವಂತೆಯೂ ಇಲ್ಲ. ತಿಂಗಳು ದಾಟಿತು ಅಂದರೆ ಇದೇ ಆದೇಶ ಕೋರ್ಟಿನ ವಿವೇಚನೆಗೆ ಹೋಗುತ್ತದೆ, ಷರತ್ತು ಹಾಕಲು ಅದಕ್ಕೆ ಅಧಿಕಾರವಿದೆ. ಹನ್ನೆರಡು ತಿಂಗಳು ದಾಟಿದರೆ "ವಿಶೇಷ ಸಂದರ್ಭ" ಇದೆ ಎಂದು ನೀವು ತೋರಿಸಬೇಕು. ಸಾಲಿಸಿಟರಿಗೆ ದೂರು ಕೊಟ್ಟು ಉತ್ತರಕ್ಕೆ ಕಾಯುತ್ತಾ ಕೂತರೆ ಈ ತಿಂಗಳು ನಿಮಗಾಗಿ ನಿಲ್ಲುವುದಿಲ್ಲ. ನನ್ನ ಬಳಿ ಬರುವವರಲ್ಲಿ ಅರ್ಧಕ್ಕರ್ಧ ಜನ "ಅವರು ನೋಡಿ ಹೇಳ್ತೀವಿ ಅಂದಿದ್ರು" ಎಂದು ಈ ಗಡುವನ್ನು ಕಳೆದುಕೊಂಡೇ ಬಂದಿರುತ್ತಾರೆ.

ಕಟ್ಟಿಬಿಟ್ಟ ಆರು ಬಿಲ್ಲುಗಳ ಕಥೆ ಬೇರೆ. ಹಣ ಕಟ್ಟಿದ ಬಿಲ್ಲಿಗೂ ವಿಶೇಷ ಸಂದರ್ಭ ತೋರಿಸಬೇಕು, ಅದೂ ಕಟ್ಟಿದ ದಿನದಿಂದ ಹನ್ನೆರಡು ತಿಂಗಳೊಳಗೆ. ಅಷ್ಟೂ ಕಳೆದರೆ 70ನೇ ಕಲಮಿನಡಿ ಕೋರ್ಟಿಗೆ ಅಧಿಕಾರವೇ ಇಲ್ಲ. ನಿಮ್ಮ ಮೊದಲ ಬಿಲ್ಲು ಹತ್ತು ತಿಂಗಳ ಹಿಂದಿನದು, ಬಾಗಿಲು ಇನ್ನೂ ತೆರೆದಿದೆ. ವಿಶೇಷ ಸಂದರ್ಭ ಎಂದರೆ ಆಕಾಶ ಕಳಚಿ ಬೀಳಬೇಕಾಗಿಲ್ಲ. ಕೊಟ್ಟ ಅಂದಾಜಿಗೂ ಬಂದ ಬಿಲ್ಲಿಗೂ ದೊಡ್ಡ ಅಂತರವಿದ್ದು, ಅದಕ್ಕೆ ವಿವರಣೆ ಬೇಕು ಎಂದು ಯಾರಿಗಾದರೂ ಅನ್ನಿಸುವಂತಿದ್ದರೆ ಅದನ್ನು ಕೋರ್ಟುಗಳು ಪರಿಗಣಿಸಿದ ಉದಾಹರಣೆಗಳಿವೆ. ನಿಮ್ಮದರಲ್ಲಿ 12,000ಕ್ಕೆ ವ್ಯಾಟ್ ಸೇರಿಸಿದರೆ 14,400. ಈವರೆಗೆ ಬಂದದ್ದು 31,850. ಎಫ್‌ಡಿಆರ್ ಇನ್ನೂ ಆಗಿಲ್ಲ.

ಇನ್ನೊಂದು ವಿಷಯ ನೋಡಿ. ಆ ಆರು ಕಾಗದಗಳೂ ಕಾನೂನಿನ ಅರ್ಥದಲ್ಲಿ ಬಿಲ್ಲುಗಳೇ ಅಲ್ಲದಿರಬಹುದು. ಒಂದು ಅವಧಿಯ ಕೆಲಸಕ್ಕೆ ಇದೇ ಕೊನೆಯ ಲೆಕ್ಕ ಎಂದು ಸಹಿ ಹಾಕಿ ಕೊಟ್ಟದ್ದಕ್ಕೆ ಗಡುವು ಓಡುತ್ತದೆ. ಬರೀ ಮುಂಗಡವಾಗಿ ಹಣ ಕೇಳಿದ ಕಾಗದವಾಗಿದ್ದರೆ ಓಡುವುದಿಲ್ಲ, ಕೊನೆಯ ಬಿಲ್ಲು ಬಂದಾಗ ಎಲ್ಲವೂ ಒಟ್ಟಿಗೆ ಪರಿಶೀಲನೆಗೆ ಸಿಗುತ್ತದೆ. ಮೊದಲ ದಿನ ನೀವು ಸಹಿ ಮಾಡಿದ ಒಪ್ಪಂದ ಪತ್ರದಲ್ಲಿ ತಿಂಗಳ ಬಿಲ್ಲುಗಳ ಬಗ್ಗೆ ಏನು ಬರೆದಿದೆ ಎಂಬುದರ ಮೇಲೆ ಇದು ನಿಂತಿದೆ. ಪತ್ರದ ಆ ಪುಟವನ್ನು ಫೀಸಿನ ವಿಷಯವೇ ಗೊತ್ತಿರುವ ಕಾಸ್ಟ್ಸ್ ಲಾಯರ್ ಒಬ್ಬರಿಗೆ ತೋರಿಸಿ. ಅರ್ಧ ಗಂಟೆಯ ಸಲಹೆಗೆ ಕೊಡುವ ದುಡ್ಡು ಇಲ್ಲಿ ವ್ಯರ್ಥವಾಗುವುದಿಲ್ಲ.

ಈಗ ಬಿಲ್ಲನ್ನು ಓದೋಣ. ನಾನು ಇಪ್ಪತ್ತು ವರ್ಷ ಇವನ್ನೇ ಓದಿದ್ದೇನೆ, ಮೊದಲು ಸಾಲಿಸಿಟರುಗಳ ಪರವಾಗಿ, ಆಮೇಲೆ ಕಕ್ಷಿದಾರರ ಪರವಾಗಿ. ನಮ್ಮೂರಿನಲ್ಲಿ ವಕೀಲರು ಕೇಸಿಗಿಷ್ಟು, ವಾಯಿದೆಗಿಷ್ಟು ಎಂದು ಹೇಳುತ್ತಾರೆ. ಇಲ್ಲಿ ಗಂಟೆಯನ್ನು ಆರಾರು ನಿಮಿಷದ ಹತ್ತು ತುಂಡು ಮಾಡುತ್ತಾರೆ. ನಿಮ್ಮ ಒಂದು ಸಾಲಿನ ಈಮೇಲನ್ನು ಓದಿದರೂ ಒಂದು ತುಂಡು. ಗಂಟೆಗೆ 310 ಅಂದರೆ ಆ ತುಂಡಿಗೆ 31 ಪೌಂಡ್, ವ್ಯಾಟ್ ಸೇರಿ 37 ಪೌಂಡ್ 20 ಪೆನ್ಸ್. ವೈದ್ಯರ ಹತ್ತಿರ, ವಕೀಲರ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂದು ಕೇಳಿಕೊಂಡು ಬೆಳೆದವರು ನಾವು. ರಾತ್ರಿ ನಿದ್ದೆ ಬರದೆ ಎದ್ದು ಕೂತು ಅತ್ತೆ ಆಡಿದ ಮಾತು, ಗಂಡ ಕಳಿಸಿದ ಮೆಸೇಜು, ಮದುವೆಯಲ್ಲಿ ಹಾಕಿದ ಒಡವೆಗಳ ಫೋಟೊ ಎಲ್ಲವನ್ನೂ ಕಳಿಸಿಬಿಡುತ್ತೇವೆ. ಕಳಿಸಿದ್ದು ನಿಮ್ಮ ತಪ್ಪಲ್ಲ. ಹೀಗೆ ಕಳಿಸಿದರೆ ಖರ್ಚು ಏರುತ್ತದೆ, ವಾರಕ್ಕೊಮ್ಮೆ ಎಲ್ಲ ಸೇರಿಸಿ ಒಂದೇ ಈಮೇಲ್ ಮಾಡಿ ಎಂದು ಎಚ್ಚರಿಸಬೇಕಾದದ್ದು ಅವರ ಕೆಲಸ. ಹಣಕಾಸು ಬಹಿರಂಗಪಡಿಸುವ ಫಾರ್ಮ್ ಇ ಇದೆಯಲ್ಲ, ಅದರಲ್ಲಿ ಒಡವೆಯಂಥ ವಸ್ತುಗಳಲ್ಲಿ ಒಂದೊಂದಕ್ಕೆ 500 ಪೌಂಡ್ ಮೀರಿದವನ್ನು ಮಾತ್ರ ಪಟ್ಟಿ ಮಾಡಿದರೆ ಸಾಕು. ಓಲೆ, ಕಾಲುಂಗುರದ ಫೋಟೊಗಳನ್ನು ಮೂರು ಗಂಟೆ ನೋಡಿದೆವು ಎಂದು ಬಿಲ್ಲಿನಲ್ಲಿದ್ದರೆ ಅಲ್ಲಿ ಬೆರಳಿಡಿ.

ಈಮೇಲು, ಫೋನುಗಳ ಸಾಲುಗಳನ್ನು ಪೆನ್ಸಿಲ್ ಹಿಡಿದು ಬೇರೆ ಮಾಡಿ. ಒಂದೇ ದಿನ ನಾಲ್ಕು ಈಮೇಲಿಗೆ ನಾಲ್ಕು ತುಂಡು ಹಾಕಿದ್ದಾರೆಯೇ? ಮೊದಲ ವಿಚಾರಣೆಗೆ ಬ್ಯಾರಿಸ್ಟರ್ (ಕೋರ್ಟಿನಲ್ಲಿ ನಿಂತು ವಾದಿಸುವ ವಕೀಲರು) ಇದ್ದರೂ ಇಬ್ಬರು ಸಾಲಿಸಿಟರುಗಳು ಬಂದು ಕೂತಿದ್ದರೇ? ಸಿಬ್ಬಂದಿ ಬದಲಾಗಿ, ಹೊಸಬರು ನಿಮ್ಮ ಫೈಲು ಓದಿ ತಿಳಿದುಕೊಂಡ ಸಮಯವನ್ನೂ ನಿಮಗೇ ಹಾಕಿದ್ದಾರೆಯೇ? ಫೋಟೊಕಾಪಿ ಮಾಡಿ ಪುಟ ಜೋಡಿಸುವಂಥ ಕೆಲಸವನ್ನು ಹಿರಿಯರ ದರದಲ್ಲಿ ಹಾಕಿದ್ದಾರೆಯೇ? ಇಲ್ಲಿ ಎಂಟು ವರ್ಷಕ್ಕೂ ಮೇಲ್ಪಟ್ಟ ಅನುಭವದವರನ್ನು ಎ ದರ್ಜೆ, ನಾಲ್ಕು ವರ್ಷ ಮೀರಿದವರನ್ನು ಬಿ, ಉಳಿದ ಅರ್ಹರನ್ನು ಸಿ, ತರಬೇತಿಯಲ್ಲಿರುವವರು ಹಾಗೂ ವಕೀಲರ ಸಹಾಯಕರಾದ ಪ್ಯಾರಾಲೀಗಲ್‌ಗಳನ್ನು ಡಿ ಎಂದು ಎಣಿಸುತ್ತಾರೆ. ಡಿ ದರ್ಜೆಯವರು ಮಾಡಬಹುದಾದ ಕೆಲಸಕ್ಕೆ ಎ ದರ್ಜೆಯ ದರ ಹಾಕಿದ್ದರೆ ಪರಿಶೀಲಿಸುವ ನ್ಯಾಯಾಧೀಶರು ಮೊದಲು ಕತ್ತರಿ ಆಡಿಸುವುದು ಅಲ್ಲೇ.

ದರ ಏರಿಸಿದ್ದು ನಿಮ್ಮ ಅತ್ಯಂತ ಗಟ್ಟಿ ಅಂಶ. ಹೇಳದೆ ಏರಿಸಿದ ದರಕ್ಕೆ ನೀವು ಒಪ್ಪಿಗೆ ಕೊಟ್ಟಿಲ್ಲ. ಒಪ್ಪಂದ ಪತ್ರದಲ್ಲಿ "ವರ್ಷಕ್ಕೊಮ್ಮೆ ದರ ಪರಿಷ್ಕರಿಸುತ್ತೇವೆ, ತಿಳಿಸುತ್ತೇವೆ" ಎಂದಿದ್ದರೆ ತಿಳಿಸಿದ ಪತ್ರ ಎಲ್ಲಿ ಎಂದು ಕೇಳಿ.

ಅಂದಾಜಿನ ವಿಷಯದಲ್ಲಿ ಒಂದು ಕಾಗದ ನಿಮ್ಮ ಕೈಗೆ ಬರಲೇಬೇಕು. ಹಣಕಾಸಿನ ಕೇಸಿನಲ್ಲಿ ಪ್ರತಿ ವಿಚಾರಣೆಗೂ ಮುನ್ನ ಎರಡೂ ಕಡೆಯವರು ಈವರೆಗಿನ ಖರ್ಚಿನ ಲೆಕ್ಕವನ್ನು ಫಾರ್ಮ್ ಎಚ್‌ನಲ್ಲಿ ಕೋರ್ಟಿಗೆ ಕೊಡಬೇಕು. ನಿಮ್ಮ ಮೊದಲ ವಿಚಾರಣೆಗೆ ಕೊಟ್ಟ ಫಾರ್ಮ್ ಎಚ್‌ನ ಪ್ರತಿ ಕೇಳಿ. ಖರ್ಚು ಅಂದಾಜನ್ನು ಮೀರಿದ್ದು ಅವರಿಗೆ ಆ ದಿನವೇ ಗೊತ್ತಿತ್ತು ಎಂಬುದಕ್ಕೆ ಅವರ ಕೈಬರಹಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಾಲಿಸಿಟರುಗಳ ನಡತೆ ಸಂಹಿತೆಯ 8.7ನೇ ನಿಯಮದ ಪ್ರಕಾರ ಕೇಸು ಹಿಡಿದಾಗಲೂ, ಕೇಸು ಮುಂದುವರಿದಂತೆ ಸೂಕ್ತ ಸಂದರ್ಭದಲ್ಲೂ ಒಟ್ಟು ಎಷ್ಟಾಗಬಹುದು ಎಂಬ ಅತ್ಯುತ್ತಮ ಮಾಹಿತಿಯನ್ನು ಕಕ್ಷಿದಾರರಿಗೆ ಕೊಡಬೇಕು. ಕೋರ್ಟಿಗೆ ಹೇಳಿದ್ದನ್ನು ನಿಮಗೆ ಹೇಳಲಿಲ್ಲ ಎಂದಾದರೆ ಅವರ ಉತ್ತರ ಬಲು ಕಷ್ಟ. ಹಾಗೆಂದು ಅಂದಾಜು ಮೀರಿದ ಪ್ರತಿ ಪೌಂಡೂ ರದ್ದಾಗುವುದಿಲ್ಲ. ಅಂದಾಜು ಕಟ್ಟಿಹಾಕುವ ಹಗ್ಗವಲ್ಲ, ಅಳೆಯುವ ಕೋಲು. ಗಂಡ ಪೆನ್ಷನ್ ದಾಖಲೆ ಮುಚ್ಚಿಟ್ಟು ಎರಡು ಹೆಚ್ಚುವರಿ ಅರ್ಜಿ ಹಾಕಬೇಕಾಗಿ ಬಂದಿದ್ದರೆ, ಊರಿನ ಸೈಟಿನ ಬೆಲೆ ಕಟ್ಟಿಸಲು ಓಡಾಡಬೇಕಾಗಿ ಬಂದಿದ್ದರೆ ಅದರ ಖರ್ಚು ನ್ಯಾಯವಾಗಿಯೇ ಸೇರುತ್ತದೆ. ನಿಮಗೆ ಮೊದಲೇ ಹೇಳಿದ್ದರೆ ನೀವು ಬೇರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಉತ್ತರ ಪ್ರಾಮಾಣಿಕವಾಗಿರಲಿ: ಒಡವೆಯ ಜಗಳ ಬಿಡುತ್ತಿದ್ದೆ, ಕಡಿಮೆ ದರದವರ ಹತ್ತಿರ ಹೋಗುತ್ತಿದ್ದೆ, ಬೇಗ ರಾಜಿಗೆ ಬರುತ್ತಿದ್ದೆ, ಯಾವುದು ನಿಜವೋ ಅದು.

"ನೀವೇ ಎಲ್ಲದಕ್ಕೂ ಒಪ್ಪಿದ್ದಿರಲ್ಲ" ಎಂದು ಅವರು ಹೇಳಿಯೇ ಹೇಳುತ್ತಾರೆ. ನಿಯಮ ಹಾಗೇ ಇದೆ ಕೂಡ: ಕಕ್ಷಿದಾರ ಬಾಯಿಬಿಟ್ಟೋ ಸೂಚ್ಯವಾಗಿಯೋ ಒಪ್ಪಿದ ಖರ್ಚನ್ನು ಸಮಂಜಸವೆಂದೇ ಎಣಿಸುತ್ತಾರೆ. ಆದರೆ ಒಪ್ಪಿಗೆ ಎಂದರೆ ವಿಷಯ ತಿಳಿದು ಕೊಟ್ಟ ಒಪ್ಪಿಗೆ ಎಂದು ಮೇಲ್ಮನವಿ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿದೆ. ಅದು ಅಪಘಾತ ಪರಿಹಾರದ ಕೇಸು, ತತ್ವ ಎಲ್ಲರಿಗೂ ಒಂದೇ. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾಲಿಸಿಟರ್ ತಮ್ಮ ಬಳಿ ಇರುವ ನಿಮ್ಮ ಹಣದಿಂದ ತಾವೇ ಫೀಸು ಮುರಿದುಕೊಂಡ ಮಾತ್ರಕ್ಕೆ ಬಿಲ್ಲು "ಪಾವತಿ" ಆಗುವುದಿಲ್ಲ, ಬಿಲ್ಲು ಬಂದ ಮೇಲೆ ಆ ಮೊತ್ತಕ್ಕೆ ನೀವು ಒಪ್ಪಿರಬೇಕು ಎಂದಿತು. ನೀವು ಮುಂಗಡವಾಗಿ ಕಟ್ಟಿದ ಹಣದಿಂದ ಆರರಲ್ಲಿ ಯಾವ ಬಿಲ್ಲನ್ನಾದರೂ ಹೀಗೆ ಮುರಿದುಕೊಂಡಿದ್ದರೆ ಆ ಬಿಲ್ಲಿನ ಲೆಕ್ಕ ಬೇರೆಯಾಗುತ್ತದೆ.

ಕೋರ್ಟಿನ ಪರಿಶೀಲನೆಗೆ ಹೋಗಬೇಕೇ ಬೇಡವೇ ಎಂಬುದನ್ನು ಐದನೇ ಒಂದು ಭಾಗದ ನಿಯಮ ನಿರ್ಧರಿಸುತ್ತದೆ. ಬಿಲ್ಲು ಐದನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಪರಿಶೀಲನೆಯ ಖರ್ಚು ಸಾಮಾನ್ಯವಾಗಿ ಸಾಲಿಸಿಟರದ್ದು. ಅಷ್ಟು ಇಳಿಯದಿದ್ದರೆ ಎರಡೂ ಕಡೆಯ ಖರ್ಚು ನಿಮ್ಮ ತಲೆಗೆ ಬರುತ್ತದೆ, ಅದು ಸಾವಿರಗಳಲ್ಲಿರುತ್ತದೆ. 6,650ರ ಐದನೇ ಒಂದು ಭಾಗ 1,330. ಬಿಲ್ಲೆಲ್ಲ ಒಬ್ಬರೇ ಸಾಲಿಸಿಟರ್ ಕೆಲಸಕ್ಕೆ ಎಂದುಕೊಂಡರೆ, ದರವನ್ನು 310ರಿಂದ 265ಕ್ಕೆ ಇಳಿಸಿದ ಕೂಡಲೇ ಸುಮಾರು 965 ಪೌಂಡ್ ಕಡಿಮೆಯಾಗುತ್ತದೆ. 1,330 ಮುಟ್ಟಲು ಇನ್ನು 365 ಇಳಿಯಬೇಕು. ಹಳೆಯ ದರದಲ್ಲಿ ವ್ಯಾಟ್ ಸೇರಿ ಗಂಟೆಗೆ 318. ಅಂದರೆ ಇನ್ನು ಒಂದೂಕಾಲು ಗಂಟೆಯ ಕೆಲಸ ಹೆಚ್ಚೆಂದು ತೋರಿಸಿದರೆ ನೀವು ಗೆರೆ ದಾಟಿದಿರಿ. ಬಿಲ್ಲಿನಲ್ಲಿ ಬ್ಯಾರಿಸ್ಟರ್ ಫೀಸು ಸೇರಿದ್ದರೆ ಲೆಕ್ಕ ಬದಲಾಗುತ್ತದೆ, ಅದನ್ನು ಮೊದಲು ತೆಗೆದು ನೋಡಿ. ಇದೇ ಲೆಕ್ಕವನ್ನು ಅವರೂ ಹಾಕುತ್ತಾರೆ. ಆದ್ದರಿಂದ ಇಂಥ ಬಿಲ್ಲುಗಳಲ್ಲಿ ಹೆಚ್ಚಿನವು, ಇಂಥ ಪರಿಶೀಲನೆ ನಡೆಸುವ ಲಂಡನ್ನಿನ ಸೀನಿಯರ್ ಕೋರ್ಟ್ಸ್ ಕಾಸ್ಟ್ಸ್ ಆಫೀಸಿನ ಮೆಟ್ಟಿಲು ಹತ್ತುವ ಮೊದಲೇ ಇತ್ಯರ್ಥವಾಗುವುದನ್ನು ನಾನು ಕಂಡಿದ್ದೇನೆ.

ನಿಮ್ಮ ವಿಚ್ಛೇದನದ ನ್ಯಾಯಾಧೀಶರ ಮುಂದೆ ಈ ವಿಷಯ ಎತ್ತಬೇಡಿ. ಅವರು ನಿಮ್ಮ ಮತ್ತು ಗಂಡನ ನಡುವಿನದ್ದನ್ನು ಮಾತ್ರ ನೋಡುತ್ತಾರೆ. "ಗೆದ್ದರೆ ಖರ್ಚು ಅವರ ಕಡೆಯಿಂದ ಬರುತ್ತದೆ" ಎಂದು ಯಾರಾದರೂ ಹೇಳಿದ್ದರೆ ಅದನ್ನೂ ನಂಬಬೇಡಿ, ಹಣಕಾಸಿನ ಕೇಸುಗಳಲ್ಲಿ ಅವರವರ ಖರ್ಚು ಅವರವರಿಗೇ ಎಂಬುದು ಸಾಮಾನ್ಯ ನಿಯಮ. ಎದುರಿನವರು ದಾಖಲೆ ಮುಚ್ಚಿಟ್ಟರೆ, ಕೋರ್ಟಿನ ಹೊರಗೆ ಮಾತುಕತೆಗೆ ಕಾರಣವಿಲ್ಲದೆ ಒಪ್ಪದಿದ್ದರೆ ಮಾತ್ರ ಬೇರೆ ಮಾತು. ಆದ್ದರಿಂದಲೇ ಫೀಸು ನೇರವಾಗಿ ನಿಮ್ಮ ಪಾಲನ್ನು ತಿನ್ನುತ್ತದೆ. 2014ರಲ್ಲಿ ನ್ಯಾಯಮೂರ್ತಿ ಮಾಸ್ಟಿನ್ ಮುಂದೆ ಬಂದ ಒಂದು ಕೇಸಿನಲ್ಲಿ ದಂಪತಿಯ ಆಸ್ತಿ 29 ಲಕ್ಷ ಪೌಂಡಿನ ಆಸುಪಾಸು, ವಕೀಲರ ಖರ್ಚು 9 ಲಕ್ಷ 20 ಸಾವಿರ ಆಗಿತ್ತು. ಮಗುವಿನ ಕೋಣೆ, ಶಾಲೆಯ ಖರ್ಚು ಆಗಬೇಕಾದ ಹಣ ಹೀಗೆ ಹೋಗುವುದನ್ನು ನೋಡಿ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಕೋರ್ಟು ಬೇಡವೆನಿಸಿದರೆ ಲೀಗಲ್ ಓಂಬಡ್ಸ್‌ಮನ್ ಇದ್ದಾರೆ, ವಕೀಲರ ಸೇವೆಯ ಮೇಲಿನ ದೂರುಗಳನ್ನು ನೋಡುವವರು, ನಿಮಗೆ ಖರ್ಚಿಲ್ಲ. ಮೊದಲು ನಿಮ್ಮ ಸಾಲಿಸಿಟರ್ ಸಂಸ್ಥೆಗೇ ಲಿಖಿತ ದೂರು ಕೊಟ್ಟು ಎಂಟು ವಾರ ಕಾಯಬೇಕು. ಅವರ ಅಂತಿಮ ಉತ್ತರದಿಂದ ಆರು ತಿಂಗಳೊಳಗೆ, ತೊಂದರೆ ಆದ ಅಥವಾ ನಿಮಗೆ ತಿಳಿದ ಒಂದು ವರ್ಷದೊಳಗೆ ಓಂಬಡ್ಸ್‌ಮನ್ ಬಳಿ ಹೋಗಬೇಕು. ಫೀಸು ಇಳಿಸಲು, ಹಣ ವಾಪಸ್ ಕೊಡಿಸಲು ಅವರಿಗೆ ಅಧಿಕಾರವಿದೆ. "ನನಗೆ ಹೇಳಲಿಲ್ಲ, ಎಚ್ಚರಿಸಲಿಲ್ಲ" ಎಂಬ ದೂರಿಗೆ ಇದು ಒಳ್ಳೆಯ ಜಾಗ, ನಿಮ್ಮ ಹಳೆಯ ಆರು ಬಿಲ್ಲಿಗೆ ನನ್ನ ಮೊದಲ ಆಯ್ಕೆ ಇದೇ. ಗಂಟೆಗಳ ಒಂದೊಂದು ಸಾಲನ್ನೂ ಬಿಡಿಸಿ ನೋಡಬೇಕಾದ ಕಡೆ ಕೋರ್ಟು ಮೇಲು. ಏಳನೆಯದಕ್ಕೆ ತಿಂಗಳ ಹಕ್ಕನ್ನು ಕೈಬಿಡಬೇಡಿ. ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಗೆ ದೂರು ಕೊಡಬಹುದು, ಅವರು ಶಿಸ್ತು ನೋಡುತ್ತಾರೆ, ಬಿಲ್ಲು ಇಳಿಸುವುದಿಲ್ಲ.

ನಿಮ್ಮಣ್ಣ ಹೇಳಿದ್ದು ನಮ್ಮ ದೇಶಕ್ಕೆ ಸರಿ. ಫೀಸು ಬಾಕಿ ಎಂದು ವಕೀಲರು ಕೇಸಿನ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇಂಗ್ಲೆಂಡಿನಲ್ಲಿ ಅದಕ್ಕೆ ತದ್ವಿರುದ್ಧ: ನೀವಾಗಿ ಬಿಟ್ಟುಹೋದರೆ ಬಾಕಿ ತೀರುವ ತನಕ ಫೈಲ್ ಹಿಡಿದುಕೊಳ್ಳುವ ಹಕ್ಕು ಸಾಲಿಸಿಟರಿಗಿದೆ. ಎಫ್‌ಡಿಆರ್ ಏಳು ವಾರದಲ್ಲಿರುವಾಗ ಸಿಟ್ಟಿನಲ್ಲಿ ಎದ್ದು ಹೋಗಬೇಡಿ. ಅವರೇ ಕೈಬಿಡುವುದಾದರೆ ಸಕಾರಣ ಬೇಕು, ಸಾಕಷ್ಟು ಮುಂಚಿತ ಸೂಚನೆ ಬೇಕು. ಹಣ ಬಾಕಿ ಎಂಬುದು ಸಕಾರಣ ಆಗಬಲ್ಲದು, ನ್ಯಾಯವಾಗಿ ಪ್ರಶ್ನಿಸಿದ ಬಿಲ್ಲಿಗೆ ವಿಚಾರಣೆಯ ಹಿಂದಿನ ದಿನ ಬಿಟ್ಟುಹೋಗುವುದನ್ನು ಸಮರ್ಥಿಸಿಕೊಳ್ಳುವುದು ಕಷ್ಟ. ನಿಮ್ಮ ಬಳಿ ಇರುವ ಎಲ್ಲ ಈಮೇಲು, ಫಾರ್ಮ್ ಇ, ಕೋರ್ಟಿನ ಆದೇಶಗಳ ಪ್ರತಿಯನ್ನು ಇಂದೇ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಹಾಗಾಗಿ ನೀವು ಈ ವಾರ ಒಂದು ಪತ್ರ ಬರೆಯಬೇಕು, ಸಂಸ್ಥೆಯ ದೂರು ನೋಡುವ ಪಾಲುದಾರರ ಹೆಸರಿಗೆ. ಧ್ವನಿ ತಣ್ಣಗಿರಲಿ. ಇದು ಲಿಖಿತ ದೂರು ಎಂದು ಮೊದಲ ಸಾಲಿನಲ್ಲೇ ಹೇಳಿ. ಅಂದಾಜು ಎಷ್ಟು, ಬಂದದ್ದು ಎಷ್ಟು, ದರ ಯಾವಾಗ ಏರಿತು, ನಿಮಗೆ ತಿಳಿಸಿದ ಕಾಗದ ಎಲ್ಲಿ, ಇಷ್ಟೇ. ಸಮಯದ ಪೂರ್ತಿ ದಾಖಲೆ, ಫಾರ್ಮ್ ಎಚ್, ನಿಮ್ಮ ಖಾತೆಯ ಲೆಡ್ಜರ್ ಪ್ರತಿ ಕೇಳಿ. ಏಳನೇ ಬಿಲ್ಲಿನಲ್ಲಿ ನೀವು ಒಪ್ಪುವ ಭಾಗ ಎಷ್ಟೆಂದು ನೀವೇ ಲೆಕ್ಕ ಹಾಕಿ ಅಷ್ಟನ್ನು ಕಟ್ಟಿ, ಉಳಿದದ್ದು ವಿವಾದದಲ್ಲಿದೆ, ನನ್ನ ಒಪ್ಪಿಗೆ ಇಲ್ಲದೆ ಮುಂಗಡ ಹಣದಿಂದ ಮುರಿದುಕೊಳ್ಳಬೇಡಿ ಎಂದು ಬರೆಯಿರಿ. ಇಂತಿಂಥ ತಾರೀಖಿನೊಳಗೆ ಉತ್ತರ ಬರದಿದ್ದರೆ ಪರಿಶೀಲನೆಗೆ ಅರ್ಜಿ ಹಾಕುತ್ತೇನೆ ಎಂದು ಸೇರಿಸಿ. ಆ ತಾರೀಖು ನಿಮ್ಮ ತಿಂಗಳು ಮುಗಿಯುವುದಕ್ಕೆ ಒಂದು ವಾರ ಮೊದಲಿರಲಿ, ಅರ್ಜಿ ಸಿದ್ಧಪಡಿಸಲು ಅಷ್ಟು ಸಮಯ ಬೇಕು.

ಅದೇ ಪತ್ರದಲ್ಲಿ, ಬೇರೆ ಪ್ಯಾರಾದಲ್ಲಿ, ಇಲ್ಲಿಂದ ಎಫ್‌ಡಿಆರ್ ಮುಗಿಯುವ ತನಕದ ಕೆಲಸಕ್ಕೆ ನಿಗದಿತ ಮೊತ್ತ ಹೇಳಿ ಎಂದು ಕೇಳಿ. ಕೊಡುವುದಿಲ್ಲ ಎಂದರೆ ನೇರವಾಗಿ ಕಕ್ಷಿದಾರರಿಂದ ಕೇಸು ತೆಗೆದುಕೊಳ್ಳುವ ಬ್ಯಾರಿಸ್ಟರುಗಳಿದ್ದಾರೆ. ಎಫ್‌ಡಿಆರ್ ಒಂದು ದಿನಕ್ಕೆ ಇಷ್ಟು ಎಂದು ಅವರು ಮೊದಲೇ ಹೇಳುತ್ತಾರೆ, ಆ ಒಂದು ದಿನಕ್ಕೆ ನುರಿತ ಬ್ಯಾರಿಸ್ಟರ್ ಒಬ್ಬರಿದ್ದರೆ ನಿಮ್ಮ ಕೇಸು ಕೆಡುವುದಿಲ್ಲ. ಇಬ್ಬರು ಮೂವರ ಆಫೀಸಿಗೆ ಈಗಲೇ ಫೋನ್ ಮಾಡಿ ಆ ದಿನಾಂಕ ಖಾಲಿ ಇದೆಯೇ ಎಂದು ವಿಚಾರಿಸಿಡಿ.